ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಪರದೆ ಮೇಲೆ ಬರುವುದನ್ನೆಲ್ಲ ಓದಿ, ಅರ್ಥ ಮಾಡಿಕೊಂಡು, ಆಮೇಲೆ 'ನೆಕ್ಸ್ಟ್' ಒತ್ತಿದವರನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್, ಫಿನಿಶ್. ಮುಗೀತು. ಡೆಸ್ಕ್‌ಟಾಪ್ ಮೇಲೆ ಐಕಾನ್ ಬಂದು ಕೂತಿತು ಅಂದರೆ ಬಳಸುವವರ ಕತೆ ಅಲ್ಲಿಂದ ಶುರು. ಅದನ್ನು ಅಲ್ಲಿವರೆಗೆ ತಂದು ಕೂರಿಸಿದವರ ಕತೆ ಯಾರಿಗೂ ಬೇಕಿಲ್ಲ.

ನಾನು ಆ ತಂದು ಕೂರಿಸುವ ಗುಂಪಿನವನು. ಬೇರೆಯವರು ಬರೆದ ಪ್ರೋಗ್ರಾಮನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೊಂದರೆಯಿಲ್ಲದೆ ತೆರೆದುಕೊಳ್ಳುವ ಹಾಗೆ ಕಟ್ಟಿ ಕಳಿಸುವುದು ನನ್ನ ಕೆಲಸ. ಆಫೀಸಿನಲ್ಲಿ ಇದಕ್ಕೆ 'ಪ್ಯಾಕೇಜಿಂಗ್' ಅಂತಾರೆ. ಊರಲ್ಲಿ ಅಮ್ಮನಿಗೆ ವಿವರಿಸಿದಾಗ, "ಬುತ್ತಿ ಕಟ್ಟೋ ಕೆಲಸ ಅನ್ನು" ಅಂದಳು. ಇದಕ್ಕಿಂತ ಚೆನ್ನಾಗಿ ಇವತ್ತಿಗೂ ಯಾರೂ ಹೇಳಿಲ್ಲ. ಬುತ್ತಿ ಕಟ್ಟುವುದರಲ್ಲಿ ಎರಡು ರೀತಿ ಇದೆಯಲ್ಲ? ಒಬ್ಬರು ರೊಟ್ಟಿ, ಪಲ್ಯ, ಚಟ್ನಿ, ಮೊಸರು, ಕೊನೆಗೆ ಉಪ್ಪನ್ನೂ ಕಟ್ಟಿಕೊಳ್ಳುತ್ತಾರೆ. ಇನ್ನೊಬ್ಬರು ಬರೀ ರೊಟ್ಟಿ ಕಟ್ಟಿಕೊಂಡು, "ಹೋದ ಕಡೆ ಮೊಸರು ಸಿಗ್ತದೆ ಬಿಡು" ಅಂತಾರೆ. ಮೊದಲನೆಯವರದ್ದು ಹೊರೆ ಜಾಸ್ತಿ. ಎರಡನೆಯವರದ್ದು ಹಗುರ, ಆದರೆ ಹೋದ ಕಡೆ ಮೊಸರು ಇಲ್ಲದಿದ್ದರೆ ಒಣ ರೊಟ್ಟಿಯೇ ಗತಿ. ಸಾಮಾನ್ಯ ಜನರಿಗೆ ಸಾಫ್ಟ್‌ವೇರ್ ತಲುಪಿಸಿದ 40 ವರ್ಷಗಳ ಚರಿತ್ರೆ ಈ ಇಬ್ಬರ ನಡುವಿನ ಜಗಳದ ಚರಿತ್ರೆಯೇ.

ಶುರುವಿನಲ್ಲಿ ಜಗಳ ಇರಲಿಲ್ಲ. 1980ರ ದಶಕದ ಡಾಸ್ ಕಾಲದಲ್ಲಿ ಪ್ರೋಗ್ರಾಮ್ ಅಂದರೆ ಫ್ಲಾಪಿ, ಫ್ಲಾಪಿ ಅಂದರೆ ಪ್ರೋಗ್ರಾಮ್. ತೂರಿಸಿ, ಹೆಸರು ಟೈಪ್ ಮಾಡಿದರೆ ಓಡುತ್ತಿತ್ತು. ಹಾರ್ಡ್ ಡಿಸ್ಕ್ ಇರುವ ಭಾಗ್ಯವಂತರು ಕಾಪಿ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಪ್ರತಿ ಪ್ರೋಗ್ರಾಮೂ ಮೊದಲನೇ ರೀತಿಯ ಬುತ್ತಿಯೇ. ವರ್ಡ್‌ಪರ್ಫೆಕ್ಟ್ ಎಂಬ ಆ ಕಾಲದ ಬರವಣಿಗೆ ತಂತ್ರಾಂಶವಂತೂ ಪ್ರಿಂಟರ್ ಡ್ರೈವರ್‌ಗಳನ್ನೂ ತಾನೇ ಹೊತ್ತು ತರುತ್ತಿತ್ತು. 1984ರ ಮ್ಯಾಕಿಂಟಾಶ್‌ನಲ್ಲಿ ಟೈಪ್ ಮಾಡುವ ಕೆಲಸವೂ ಇರಲಿಲ್ಲ. ಐಕಾನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ಬಿಟ್ಟರೆ ಮುಗಿಯಿತು.

ಗಂಟು ಬಿದ್ದದ್ದು ವಿಂಡೋಸ್ ಮನೆಮನೆಗೆ ಬಂದಾಗ. ಕಾರಣ ಜಿಪುಣತನ. ಅದು ತಪ್ಪೇನಲ್ಲ, ಆಗ ಜಾಗವೇ ಇರಲಿಲ್ಲ. ವಿಂಡೋಸ್ 95 ಓಡಲು ಕನಿಷ್ಠ 4 ಎಂಬಿ ಮೆಮೊರಿ ಸಾಕು ಅಂತಿತ್ತು. ಇವತ್ತು ನಿಮ್ಮ ಫೋನ್ ತೆಗೆಯುವ ಒಂದೇ ಒಂದು ಫೋಟೊ ಅದಕ್ಕಿಂತ ದೊಡ್ಡದಿರಬಹುದು. ಅಂಥ ಕಡೆ ಹತ್ತು ಪ್ರೋಗ್ರಾಮ್‌ಗಳು ಒಂದೇ ಕೆಲಸದ ಕೋಡನ್ನು ಹತ್ತು ಸಲ ಹೊತ್ತು ತಂದರೆ ಹೇಗೆ? ಹಾಗಾಗಿ ಎಲ್ಲರಿಗೂ ಬೇಕಾದ ಭಾಗಗಳನ್ನು ಡಿಎಲ್‌ಎಲ್ ಎಂಬ ಫೈಲುಗಳಲ್ಲಿಟ್ಟು, ವಿಂಡೋಸ್‌ನ ಸಿಸ್ಟಮ್ ಫೋಲ್ಡರಿನಲ್ಲಿ ಎಲ್ಲರೂ ಹಂಚಿಕೊಳ್ಳಿ ಅಂದರು. ಊರಿಗೊಂದೇ ಮೊಸರಿನ ಗಡಿಗೆ.

ಆಗಿದ್ದೇನು? ಇವತ್ತು ನೀವು ಒಂದು ಆಟ ಹಾಕಿಕೊಳ್ಳುತ್ತೀರಿ. ಅದು ತನ್ನ ಜತೆ ತಂದ ಹಳೆಯ ಡಿಎಲ್‌ಎಲ್ ಅನ್ನು ಅಲ್ಲಿದ್ದ ಹೊಸದರ ಮೇಲೆ ಬರೆದುಬಿಡುತ್ತದೆ. ನಾಳೆ ನೋಡಿದರೆ ಅಕೌಂಟ್ಸ್ ಪ್ಯಾಕೇಜ್ ತೆರೆಯುವುದಿಲ್ಲ. ಆಟಕ್ಕೂ ಅಕೌಂಟ್ಸಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು? ಈ ಅವಸ್ಥೆಗೆ 'ಡಿಎಲ್‌ಎಲ್ ಹೆಲ್' ಅಂತ ಹೆಸರೇ ಬಿತ್ತು. ಇನ್ನು ಅನ್‌ಇನ್‌ಸ್ಟಾಲ್ ಮಾಡಲು ಹೋದರೆ, "ಈ ಫೈಲ್ ಬೇರೆ ಪ್ರೋಗ್ರಾಮ್‌ಗಳಿಗೂ ಬೇಕಾಗಿರಬಹುದು, ಅಳಿಸಲೇ?" ಎಂಬ ಪ್ರಶ್ನೆ. ಎಂಜಿನಿಯರ್‌ಗಳಿಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕಿರಾಣಿ ಅಂಗಡಿಯ ಲೆಕ್ಕ ಬರೆಯುವವರಿಗೆ ಕೇಳುತ್ತಿದ್ದೆವು!

ಈ ಗೋಜಲನ್ನು ಮುಚ್ಚಿಡಲು ಹುಟ್ಟಿದ್ದೇ ಸೆಟಪ್ ವಿಜಾರ್ಡ್. ಯಾವ ಫೈಲ್ ಎಲ್ಲಿಗೆ ಹೋಗಬೇಕು, ರಿಜಿಸ್ಟ್ರಿಯಲ್ಲಿ ಏನು ಬರೆಯಬೇಕು, ಆಮೇಲೆ ಏನೇನು ಅಳಿಸಬೇಕು ಅನ್ನುವುದನ್ನೆಲ್ಲ ಒಂದು ಸಣ್ಣ ಪ್ರೋಗ್ರಾಮ್ ನೋಡಿಕೊಳ್ಳುತ್ತದೆ, ನೀವು ನೆಕ್ಸ್ಟ್ ಒತ್ತಿದರೆ ಸಾಕು. ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಇನ್‌ಸ್ಟಾಲ್‌ಶೀಲ್ಡ್ ಕೊಂಡವು. ದುಡ್ಡಿಲ್ಲದವರಿಗೆ 1997ರಲ್ಲಿ ಜೋರ್ಡನ್ ರಸೆಲ್ ಬರೆದ ಉಚಿತ 'ಇನ್ನೋ ಸೆಟಪ್' ಬಂತು. ಅದೇ ವರ್ಷ ವಿನ್‌ಆ್ಯಂಪ್ ಬಂತು. ಎಂಪಿ3 ಕಾಲದವರಿಗೆ ಅದರ ಪರಿಚಯ ಮಾಡಿಕೊಡುವುದು ಬೇಡ. ಡಯಲ್‌ಅಪ್ ಮೋಡೆಮ್ ಕಿರ್‌ಗುಟ್ಟುತ್ತಿದ್ದ ಕಾಲ, ಒಂದೊಂದು ಕಿಲೋಬೈಟ್‌ಗೂ ಬೆಲೆ. ವಿನ್‌ಆ್ಯಂಪ್ ಮಾಡಿದ ನಲ್‌ಸಾಫ್ಟ್ ಕಂಪನಿ ತನಗಾಗಿ ಬರೆದುಕೊಂಡ ಇನ್‌ಸ್ಟಾಲರ್‌ನ ಸ್ವಂತ ತೂಕ ಬರೀ 34 ಕಿಲೋಬೈಟ್‌ನಷ್ಟು. ಅದನ್ನು ಎನ್‌ಎಸ್‌ಐಎಸ್ ಅಂತ ಎಲ್ಲರಿಗೂ ಬಿಟ್ಟುಕೊಟ್ಟರು. ವಿನ್‌ಆ್ಯಂಪ್‌ನ ವೈಭವ ಹೋಯಿತು, ಆದರೆ ಅದರ ಬುತ್ತಿಯ ಬಟ್ಟೆ ಇನ್ನೂ ಬಳಕೆಯಲ್ಲಿದೆ. ನೀವು ವಿಂಡೋಸ್‌ನಲ್ಲಿ ವಿಎಲ್‌ಸಿ ಹಾಕಿಕೊಂಡಿದ್ದರೆ ಅದನ್ನು ಮುಟ್ಟಿದ್ದೀರಿ.

ನೆಕ್ಸ್ಟ್ ಒತ್ತುವ ಅಭ್ಯಾಸ ಜನರಿಗೆ ಗಟ್ಟಿಯಾದ ಮೇಲೆ ಅದರ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ನಾಲ್ಕನೇ ನೆಕ್ಸ್ಟ್‌ನ ಹಿಂದೆ, ಮೊದಲೇ ಟಿಕ್ ಆಗಿರುವ ಒಂದು ಚೌಕ. ಫಿನಿಶ್ ಒತ್ತುವಷ್ಟರಲ್ಲಿ ಬ್ರೌಸರಿಗೆ ಕೇಳದ ಟೂಲ್‌ಬಾರ್, ಬೇಡದ ಸರ್ಚ್ ಎಂಜಿನ್. ಸೈಬರ್ ಕೆಫೆಗಳಲ್ಲಿ ಅರ್ಧ ಪರದೆ ಟೂಲ್‌ಬಾರ್‌ಗಳೇ ತುಂಬಿದ್ದ ಬ್ರೌಸರ್‌ಗಳನ್ನು ನಾನೇ ನೋಡಿದ್ದೇನೆ. ಉಚಿತ ತಂತ್ರಾಂಶಗಳ ತವರುಮನೆಯಂತಿದ್ದ ಸೋರ್ಸ್‌ಫೋರ್ಜ್ ಕೂಡ ಈ ದಾರಿ ಹಿಡಿಯಿತು. ಅಲ್ಲಿನ ಇನ್‌ಸ್ಟಾಲರ್‌ಗಳು ಸರಿಯಿಲ್ಲ ಎಂದು ಚಿತ್ರ ತಿದ್ದುವ 'ಗಿಂಪ್'ನ ವಿಂಡೋಸ್ ತಂಡ 2013ರಲ್ಲಿ ಹೊರನಡೆದಿತ್ತು. 2015ರಲ್ಲಿ ಸೋರ್ಸ್‌ಫೋರ್ಜ್ ಆ ಹಳೆಯ ಖಾತೆಯನ್ನು ತನ್ನ ಕೈಗೆ ತೆಗೆದುಕೊಂಡು, ಜಾಹೀರಾತು ಸುತ್ತಿದ ಗಿಂಪ್ ಹಂಚಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಮರುವರ್ಷ ಬಂದ ಹೊಸ ಮಾಲೀಕರು ಆ ಪದ್ಧತಿಯನ್ನೇ ನಿಲ್ಲಿಸಿದರು. ಆದರೆ ಒಮ್ಮೆ ಹೋದ ನಂಬಿಕೆ ಹೋಯಿತು. ಈ ನಂಬಿಕೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮ್ಯಾಕ್ ಈ ನರಕಕ್ಕೆ ಅಷ್ಟಾಗಿ ಇಳಿಯಲಿಲ್ಲ. ಸ್ಟೀವ್ ಜಾಬ್ಸ್ ಆ್ಯಪಲ್ ಬಿಟ್ಟು ಕಟ್ಟಿದ ನೆಕ್ಸ್ಟ್ ಕಂಪನಿಯಲ್ಲಿ ಒಂದು ಉಪಾಯ ಮಾಡಿದ್ದರು: ಅಪ್ಲಿಕೇಶನ್ ಅನ್ನುವುದು ನಿಜದಲ್ಲಿ ಒಂದು ಫೋಲ್ಡರ್, ಕೋಡು, ಚಿತ್ರ, ಭಾಷೆಯ ಫೈಲು ಎಲ್ಲ ಅದರೊಳಗೆ. ಬಳಸುವವರಿಗೆ ಮಾತ್ರ ಅದು ಒಂದೇ ಐಕಾನ್. ಆ್ಯಪಲ್ ನೆಕ್ಸ್ಟ್ ಅನ್ನು ಕೊಂಡ ಮೇಲೆ 2001ರ ಮ್ಯಾಕ್ ಓಎಸ್ ಟೆನ್‌ಗೆ ಆ ಉಪಾಯವೂ ಬಂತು. ಡೌನ್‌ಲೋಡ್ ಮಾಡಿದ್ದನ್ನು ತೆರೆದರೆ ಎಡಕ್ಕೆ ಆ್ಯಪ್, ಬಲಕ್ಕೆ ಅಪ್ಲಿಕೇಶನ್ಸ್ ಫೋಲ್ಡರ್, ನಡುವೆ ಒಂದು ಬಾಣ. ಎಳೆದು ಬಿಡಿ ಎಂದು ಅರ್ಥ. ಅದೂ ಎಲ್ಲರಿಗೂ ಅರ್ಥವಾಗಲಿಲ್ಲ ಅನ್ನಿ. ಎಳೆಯದೆ ಅಲ್ಲೇ ಡಬಲ್ ಕ್ಲಿಕ್ ಮಾಡಿ ಬಳಸಿ, ಮಾರನೇ ದಿನ "ಎಲ್ಲಿ ಹೋಯ್ತು?" ಅಂತ ಹುಡುಕಿದವರು ಬಹಳ ಮಂದಿ. ಬಾಣ ಕೂಡ ಒಂದು ಭಾಷೆ. ಕಲಿಯದವರಿಗೆ ಅದು ಬರೀ ಚಿತ್ರ.

ನಮ್ಮಲ್ಲಿ ಈ ಮೊಸರಿನ ಗಡಿಗೆಯ ಸಮಸ್ಯೆ ಡಿಎಲ್‌ಎಲ್‌ಗಿಂತ ಹೆಚ್ಚಾಗಿ ಅಕ್ಷರಗಳಲ್ಲಿ ಕಾಣಿಸಿತು. ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಆಮೇಲೆ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿಯಲ್ಲಿ ಟೈಪ್ ಮಾಡಿದ ಮದುವೆ ಕರೆಯೋಲೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲು ಹೋಗಿತ್ತು, ಫಾಂಟು ಊರಲ್ಲೇ ಉಳಿದಿತ್ತು. ಯುನಿಕೋಡ್ ಬಂದ ಮೇಲೂ ಕಷ್ಟ ಮುಗಿಯಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಇತ್ತು ನಿಜ. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಟ್ಯಾಬ್ ಹುಡುಕಿ, ಕ್ಲಿಷ್ಟ ಲಿಪಿಗಳ ಬೆಂಬಲ ಎಂಬ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದ ತಕ್ಷಣ ಅದು ವಿಂಡೋಸ್ ಸಿಡಿ ಕೇಳುತ್ತಿತ್ತು. ಆ ಸಿಡಿ ಎಷ್ಟು ಮನೆಗಳಲ್ಲಿತ್ತು ಹೇಳಿ? ಕನ್ನಡದಲ್ಲಿ ಬ್ಲಾಗು ಬರೆಯಲು ಶುರು ಮಾಡಿದವರು ಬರವಣಿಗೆಗಿಂತ ಮೊದಲು ಈ ಟಿಕ್ ಹಾಕುವ ವಿಧಾನವನ್ನೇ ಸ್ನೇಹಿತರಿಗೆ ಹೇಳಿಕೊಡಬೇಕಿತ್ತು. ವಿಸ್ತಾ ಬಂದ ಮೇಲೆ ಈ ಬೆಂಬಲ ಮೊದಲೇ ಇರುತ್ತಿತ್ತು, ಯಾರೂ ಟಿಕ್ ಹಾಕಬೇಕಿರಲಿಲ್ಲ. ನನ್ನ ಕಸುಬಿನ ಮೊದಲ ಪಾಠ ಇದು: ಇದೆ ಅನ್ನುವುದೂ, ಸಿಗುತ್ತದೆ ಅನ್ನುವುದೂ ಬೇರೆ ಬೇರೆ.

ಹಾಗಾದರೆ ಎಲ್ಲ ಕಡೆಗೂ ಒಂದೇ ಬುತ್ತಿ ಸಾಧ್ಯವಿಲ್ಲವೇ? 1995ರಲ್ಲಿ ಸನ್ ಕಂಪನಿಯ ಜಾವಾ ಬಂದದ್ದು ಇದೇ ಮಾತು ಕೊಟ್ಟು: ಒಮ್ಮೆ ಬರೆಯಿರಿ, ಎಲ್ಲ ಕಡೆ ಓಡಿಸಿ. ಬರೆದದ್ದು ಓಡುತ್ತಿತ್ತು, ಸುಳ್ಳಲ್ಲ. ಆದರೆ ಓಡಿಸುವವರ ಕಂಪ್ಯೂಟರಿನಲ್ಲಿ ಜಾವಾ ಇರಬೇಕಿತ್ತು, ಅದೂ ಸರಿಯಾದ ಆವೃತ್ತಿಯದ್ದು. ಸಾಮಾನ್ಯ ಬಳಕೆದಾರರಿಗೆ ಇದು ಮತ್ತೆ ಮೊಸರು ಹುಡುಕುವ ಕೆಲಸವೇ. 2021ರಲ್ಲಿ ಜಾವಾ 16ರ ಜತೆ 'ಜೆಪ್ಯಾಕೇಜ್' ಎಂಬ ಸಲಕರಣೆ ಪೂರ್ಣರೂಪದಲ್ಲಿ ಬಂತು. ಅದು ಮಾಡುವುದೇನು ಗೊತ್ತಾ? ನಿಮ್ಮ ಪ್ರೋಗ್ರಾಮ್ ಜತೆ ಜಾವಾವನ್ನೂ ಕಟ್ಟಿ, ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಒಂದು, ಲಿನಕ್ಸ್‌ಗೆ ಒಂದು ಇನ್‌ಸ್ಟಾಲರ್ ಮಾಡಿಕೊಡುತ್ತದೆ. ಆಯಾ ಇನ್‌ಸ್ಟಾಲರನ್ನು ಆಯಾ ಸಿಸ್ಟಮ್‌ನಲ್ಲಿ ಕೂತೇ ಮಾಡಬೇಕು. 'ಎಲ್ಲ ಕಡೆ' ಅನ್ನುವ ಮಾತು 26 ವರ್ಷಕ್ಕೆ 'ಒಂದೊಂದು ಕಡೆಗೆ ಒಂದೊಂದು' ಆಯಿತು. ನನಗೆ ಇದರಲ್ಲಿ ಸೋಲು ಕಾಣುವುದಿಲ್ಲ, ಪ್ರಾಮಾಣಿಕತೆ ಕಾಣುತ್ತದೆ.

ಎರಡನೇ ರೀತಿಯ ಬುತ್ತಿಯನ್ನು ಶ್ರದ್ಧೆಯಿಂದ ನಂಬಿದ್ದು ಲಿನಕ್ಸ್ ಲೋಕ. ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ ಡೆಬಿಯನ್‌ನಂಥ ವಿತರಣೆಗಳಲ್ಲಿ ಪ್ಯಾಕೇಜ್ ಕಟ್ಟುವುದು ಪ್ರೋಗ್ರಾಮ್ ಬರೆದವರಲ್ಲ, ವಿತರಣೆಯ ಸ್ವಯಂಸೇವಕರು. ಯಾವುದಕ್ಕೆ ಯಾವ ಲೈಬ್ರರಿ ಬೇಕು ಎಂಬ ಲೆಕ್ಕವೆಲ್ಲ ಅವರ ಬಳಿ. ಅಡುಗೆಮನೆ ಅವರದ್ದೇ ಆದ್ದರಿಂದ ಮೊಸರು ಇದ್ದೇ ಇರುತ್ತದೆ. ಒಂದು ಆಜ್ಞೆ ಕೊಟ್ಟರೆ ಎಲ್ಲ ತಾನಾಗಿ ಬಂದು ಕೂರುತ್ತದೆ. ಸೊಗಸಾದ ವ್ಯವಸ್ಥೆ. ಆದರೆ ನೀವು ಹೊರಗಿನವರಾಗಿ, ನಿಮ್ಮ ಹೊಸ ಆ್ಯಪನ್ನು ಇವತ್ತೇ ಜನರಿಗೆ ಕೊಡಬೇಕು ಅಂದರೆ ಊರಿಗೊಂದು ಅಡುಗೆಮನೆ, ಮನೆಗೊಂದು ರುಚಿ. ಉಬುಂಟುವಿನ ಈ ಆವೃತ್ತಿಗೆ ಕಟ್ಟಿದ್ದು ಆ ಆವೃತ್ತಿಗೆ ಆಗದು, ಫೆಡೋರಾಗೆ ಆಗಲೇ ಆಗದು.

ಈ ಕಷ್ಟ ಯಾರಿಗೆ ತಟ್ಟಿತು ನೋಡಿ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್‌ಗೆ ಸ್ಕೂಬಾ ಡೈವಿಂಗ್ ಹುಚ್ಚು. ನೀರಿನಡಿ ಎಷ್ಟು ಆಳ, ಎಷ್ಟು ಹೊತ್ತು ಎಂಬ ಲೆಕ್ಕ ಇಡಲು 2011ರಲ್ಲಿ 'ಸಬ್‌ಸರ್ಫೇಸ್' ಎಂಬ ಡೆಸ್ಕ್‌ಟಾಪ್ ಪ್ರೋಗ್ರಾಮ್ ಶುರು ಮಾಡಿದರು. ಅದನ್ನು ಬಳಸುವವರು ಪ್ರೋಗ್ರಾಮರ್‌ಗಳಲ್ಲ, ಮುಳುಗುಗಾರರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬೇಕು. 2014ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಡೆಬಿಯನ್ ಸಮ್ಮೇಳನದಲ್ಲಿ ಅವರು ಆ ಸ್ವಯಂಸೇವಕರ ಎದುರಿಗೇ ತಮ್ಮ ಗೋಳು ತೋಡಿಕೊಂಡರು: ವಿಂಡೋಸ್‌ಗೂ ಮ್ಯಾಕ್‌ಗೂ ಸಿದ್ಧ ಫೈಲು ಕೊಡುತ್ತೇವೆ, ಲಿನಕ್ಸ್‌ಗೆ ಮಾತ್ರ ಕೊಡಲು ಆಗುತ್ತಿಲ್ಲ, ಒಂದೊಂದು ವಿತರಣೆಗೂ ಅದರ ಒಂದೊಂದು ಆವೃತ್ತಿಗೂ ಬೇರೆ ಬೇರೆ ಮಾಡಬೇಕು. ಬಳಸುವವರ ಪ್ರೋಗ್ರಾಮ್ ಮುರಿಯಬಾರದು ಎಂಬ ನಿಯಮವನ್ನು ತಮ್ಮ ಕರ್ನೆಲ್ ಕಟ್ಟುನಿಟ್ಟಾಗಿ ಪಾಲಿಸುತ್ತದೆ, ಮೇಲಿನ ಲೈಬ್ರರಿಗಳು ಪಾಲಿಸುವುದಿಲ್ಲ ಎಂಬುದು ಅವರ ತಕರಾರು. ಲಿನಕ್ಸ್ ಮಾಡಿದವರಿಗೇ ಲಿನಕ್ಸ್ ಬಳಕೆದಾರರಿಗೆ ಒಂದು ಆ್ಯಪ್ ತಲುಪಿಸಲು ಆಗುತ್ತಿಲ್ಲ ಅಂದಮೇಲೆ ನಮ್ಮ ನಿಮ್ಮ ಪಾಡೇನು?

ಉತ್ತರವನ್ನು ಅಷ್ಟರಲ್ಲಾಗಲೇ ಬೇರೆಯವರು ತೋರಿಸಿದ್ದರು. ಪ್ಯಾರಿಸ್‌ನ ಎಕೋಲ್ ಸಾಂಟ್ರಾಲ್ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಕೆಲಸದಿಂದ ಬಂದ ವಿಎಲ್‌ಸಿ ಗೆದ್ದದ್ದು ಯಾಕೆ? ಬೇರೆ ಪ್ಲೇಯರ್‌ಗಳು "ಕೋಡೆಕ್ ಇಲ್ಲ" ಅನ್ನುತ್ತಿದ್ದಾಗ ಅದು ಕೋಡೆಕ್‌ಗಳನ್ನೆಲ್ಲ ತನ್ನೊಳಗೇ ಕಟ್ಟಿಕೊಂಡು ಬಂದಿತ್ತು. ಅದೇ ಮೊದಲನೇ ರೀತಿಯ ಬುತ್ತಿ. ಊರಲ್ಲಿರುವ ಸೋದರಮಾವನಿಗೆ ಫೋನಿನಲ್ಲೇ ಕೂತು ನಾನು ಹಾಕಿಸಿಕೊಟ್ಟ ಮೊದಲ ಸಾಫ್ಟ್‌ವೇರ್ ಅದು. "ಆಯ್ತಾ ಮಾಮ?" ಅಂತ ಒಂದೇ ಸಲ ಕೇಳಬೇಕಾಯಿತು. ಲಿನಕ್ಸ್‌ನಲ್ಲಿ ಸೈಮನ್ ಪೀಟರ್ 2004ರಲ್ಲಿ ಶುರು ಮಾಡಿದ ಪ್ರಯೋಗ ಮುಂದೆ 'ಆ್ಯಪ್‌ಇಮೇಜ್' ಆಯಿತು: ಒಂದು ಆ್ಯಪ್, ಒಂದೇ ಫೈಲು. ಸಬ್‌ಸರ್ಫೇಸ್ ಕೂಡ ಆಮೇಲೆ ಆ ರೂಪದಲ್ಲಿ ಬಂತು. ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್ 2016ರ ಹೊತ್ತಿಗೆ ಬಳಕೆಗೆ ಬಂದವು. ಇನ್ನು ಗಿಟ್‌ಹಬ್‌ನ ಆ್ಯಟಮ್ ಎಡಿಟರಿಗಾಗಿ 2013ರಲ್ಲಿ ಹುಟ್ಟಿದ ಎಲೆಕ್ಟ್ರಾನ್ ಇದನ್ನು ತುದಿಗೆ ಕೊಂಡೊಯ್ದಿತು. ಪ್ರತಿ ಆ್ಯಪ್ ಜತೆ ಒಂದೊಂದು ಪೂರ್ತಿ ಕ್ರೋಮಿಯಂ ಬ್ರೌಸರ್! ನಿಮ್ಮ ಲ್ಯಾಪ್‌ಟಾಪಿನ ಸ್ಲ್ಯಾಕ್, ವಿಎಸ್ ಕೋಡ್ ಎಲ್ಲ ಈ ವಂಶದವು. ಒಬ್ಬರು ಊಟಕ್ಕೆ ಹೋಗುವಾಗ ಒಲೆ, ಸಿಲಿಂಡರ್ ಸಮೇತ ಹೊರಟ ಹಾಗೆ.

ಒಲೆ ಹೊತ್ತದ್ದಕ್ಕೆ ಬರೀ ಜಾಗದ ದಂಡವಲ್ಲ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ಲೋಪ ಸಿಕ್ಕಿತು. ಆ ಲೈಬ್ರರಿ ಹಂಚಿಕೊಂಡ ಒಂದೇ ಗಡಿಗೆಯಲ್ಲಿದ್ದಿದ್ದರೆ ಗಡಿಗೆ ಬದಲಿಸಿದರೆ ಸಾಕಿತ್ತು. ಎಲ್ಲರೂ ತಂತಮ್ಮ ಬುತ್ತಿಯಲ್ಲಿ ಕಟ್ಟಿಕೊಂಡಿದ್ದರಿಂದ ಕ್ರೋಮ್, ಫೈರ್‌ಫಾಕ್ಸ್, ಎಲೆಕ್ಟ್ರಾನ್ ಆ್ಯಪ್‌ಗಳು ಎಲ್ಲವೂ ಬೇರೆ ಬೇರೆಯಾಗಿ ಹೊಸ ಆವೃತ್ತಿ ಕಳಿಸಬೇಕಾಯಿತು. ಡೆಬಿಯನ್‌ನವರು ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ.

ಹೀಗೆ ಬುತ್ತಿಯ ಜಗಳದಲ್ಲಿ ಮೊದಲನೆಯವರು ಹೆಚ್ಚುಕಮ್ಮಿ ಗೆದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಕಾವಲುಗಾರ ಬಂದು ನಿಂತ. ಆ್ಯಪಲ್ 2012ರಲ್ಲಿ ಗೇಟ್‌ಕೀಪರ್ ತಂದಿತು. ಅದೇ ವರ್ಷ ವಿಂಡೋಸ್ 8ರಲ್ಲಿ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಬಂತು. ಈಗ ಮ್ಯಾಕ್‌ನಲ್ಲಿ ಆ್ಯಪ್ ಸಲೀಸಾಗಿ ತೆರೆಯಬೇಕಾದರೆ ಡೆವಲಪರ್ ವರ್ಷಕ್ಕೆ 99 ಡಾಲರ್ ಕಟ್ಟಿ ಸದಸ್ಯನಾಗಿ, ಸಹಿ ಹಾಕಿ, ಪ್ರತಿ ಆವೃತ್ತಿಯನ್ನೂ ಆ್ಯಪಲ್‌ಗೆ ಕಳಿಸಿ ತಪಾಸಣೆಯ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ್ದನ್ನು ಕಂಟ್ರೋಲ್ ಕ್ಲಿಕ್ ಮಾಡಿ ತೆರೆಯುವ ಅಡ್ಡದಾರಿಯನ್ನೂ 2024ರ ಸೆಕೋಯದಲ್ಲಿ ಮುಚ್ಚಿದರು; ಈಗ ಸೆಟ್ಟಿಂಗ್ಸ್‌ನೊಳಗೆ ಹೋಗಿ ಅನುಮತಿ ಕೊಡಬೇಕು. ವಿಂಡೋಸ್‌ನಲ್ಲಿ ಅಪರಿಚಿತ ಫೈಲಿಗೆ ನೀಲಿ ಫಲಕ ಬರುತ್ತದೆ. 'ಮೋರ್ ಇನ್ಫೋ' ಒತ್ತಿದರಷ್ಟೇ 'ರನ್ ಎನಿವೇ' ಕಾಣುತ್ತದೆ. ಸಹಿ ಹಾಕುವ ಸರ್ಟಿಫಿಕೇಟಿಗೆ ದುಡ್ಡು ಬೇಕು. 2023ರ ಜೂನ್‌ನಿಂದ ಅದರ ಕೀಲಿಯನ್ನು ವಿಶೇಷ ಹಾರ್ಡ್‌ವೇರ್‌ನಲ್ಲೇ ಇಡಬೇಕೆಂಬ ನಿಯಮವೂ ಇದೆ.

ಕಾವಲುಗಾರನನ್ನು ಬೈಯುವುದು ಸುಲಭ. ಆದರೆ ಟೂಲ್‌ಬಾರ್ ಕಾಲದ ನಂಬಿಕೆಯ ಮಾತು ನೆನಪಿದೆಯಲ್ಲ? ಓದದೆ ನೆಕ್ಸ್ಟ್ ಒತ್ತುವ ಜನರ ಅಭ್ಯಾಸವನ್ನು ದುಡ್ಡು ಮಾಡಿಕೊಂಡವರು ನಮ್ಮವರೇ. ವೈರಸ್‌ಗಳೂ ಅದೇ ತೆರೆದ ಬಾಗಿಲಿನಿಂದ ಒಳಬಂದವು. ಬ್ಯಾಂಕ್ ಖಾತೆ ಇರುವ ಕಂಪ್ಯೂಟರಿಗೆ ಕಾವಲು ಬೇಡ ಅನ್ನುವ ಧೈರ್ಯ ನನಗಿಲ್ಲ.

ನನ್ನ ಚಿಂತೆ ಬೇರೆ. ಎಚ್ಚರಿಕೆಯ ಫಲಕ ಕಳ್ಳನಿಗೂ ಬಡವನಿಗೂ ಒಂದೇ ರೀತಿ ಕಾಣಿಸುತ್ತದೆ. ಸಹಿಗೆ ದುಡ್ಡು ಕಟ್ಟಲಾಗದ ಹವ್ಯಾಸಿ ಬರೆದ ಒಳ್ಳೆಯ ಪ್ರೋಗ್ರಾಮನ್ನೂ ಅದು 'ಅಪರಿಚಿತ' ಅನ್ನುತ್ತದೆ. ಗೊತ್ತಿರುವವರು 'ರನ್ ಎನಿವೇ' ಒತ್ತಿ ಮುಂದೆ ಹೋಗುತ್ತಾರೆ. ಗೊತ್ತಿಲ್ಲದವರು, ಅಂದರೆ ಯಾರಿಗಾಗಿ ಇಷ್ಟೆಲ್ಲ ಸುಲಭ ಮಾಡಿದೆವೋ ಅವರು, ಹೆದರಿ ಅಳಿಸುತ್ತಾರೆ. 1998ರಲ್ಲಿ 'ಬರಹ' ಬರೆದವರ ಮತ್ತು ಅದರಲ್ಲಿ ಕನ್ನಡ ಟೈಪ್ ಮಾಡಿದವರ ನಡುವೆ ಯಾವ ಕಾವಲುಗಾರನೂ ಇರಲಿಲ್ಲ. ಒಂದು ಫೈಲು, ಅದರ ಬಗ್ಗೆ ಬಾಯಿಂದ ಬಾಯಿಗೆ ಹೋದ ಒಳ್ಳೆಯ ಮಾತು, ಅಷ್ಟೇ. ಮಾರುಕಟ್ಟೆ ಚಿಕ್ಕದಿರುವ ಭಾಷೆಗಳಿಗೆ ಸಾಫ್ಟ್‌ವೇರ್ ಎಷ್ಟೋ ಸಲ ಬರುವುದೇ ಹೀಗೆ, ಒಬ್ಬಿಬ್ಬರ ರಾತ್ರಿ ನಿದ್ದೆಯಿಂದ. ಅಂಥವರಿಗೆ ಇವತ್ತು ಕೋಡು ಬರೆಯುವುದು ಹಿಂದಿಗಿಂತ ಸುಲಭ, ಕಟ್ಟುವುದೂ ಸುಲಭ, ಬಾಗಿಲು ದಾಟಿಸುವುದೇ ಕಷ್ಟ.

ಹಾಗಾಗಿ ಯಾರಾದರೂ ಹೊಸ ಕನ್ನಡ ತಂತ್ರಾಂಶ ಮಾಡಿ ತಂದು ತೋರಿಸಿದಾಗ ನಾನು ಕೇಳುವ ಮೊದಲ ಪ್ರಶ್ನೆ ಅದು ಏನು ಮಾಡುತ್ತದೆ ಅಂತಲ್ಲ. ಸರ್ಟಿಫಿಕೇಟಿನ ಖರ್ಚನ್ನು ಯಾರು ಕೊಡ್ತಾರೆ ಅಂತ. ಕನ್ನಡದ ಹೆಸರಿನಲ್ಲಿ ಪ್ರಶಸ್ತಿ, ಶಾಲು, ಹಾರ ಕೊಡುವ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದಾದರೂ ಹತ್ತು ಹುಡುಗ ಹುಡುಗಿಯರ ಪ್ರೋಗ್ರಾಮ್‌ಗಳನ್ನು ಪರೀಕ್ಷಿಸಿ, ತನ್ನ ಸಹಿಯಡಿ ಹೊರತರುವ ಜವಾಬ್ದಾರಿ ಹೊತ್ತರೆ, ಆ ದುಡ್ಡಿಗೆ ಶಾಲಿಗಿಂತ ಹೆಚ್ಚು ಆಯುಷ್ಯ ಇರುತ್ತದೆ.